ಪೌರತ್ವ ಬಿಟ್ಟರೆ ಊರು ಹತ್ತಿರವೇ?

ನನ್ನ ತಮ್ಮನಿಗೆ ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷ ತುಂಬಿತು. ಇನ್ನು ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಬಹುದು. 'ಹಾಕಲೋ ಬೇಡವೋ, ನೀನೇ ಹೇಳಣ್ಣ' ಎಂದು ನ್ಯೂಜೆರ್ಸಿಯಿಂದ ಫೋನ್ ಮಾಡುತ್ತಾನೆ. ಪುಣೆಯ ಧನಕವಡಿಯಲ್ಲಿ ನಾನು, ಎಂಬತ್ತರ ಅವ್ವ ಇದ್ದೇವೆ. ಊರು ಇಂಡಿ ತಾಲ್ಲೂಕು. ಅಲ್ಲಿ ನಾಲ್ಕೆಕರೆ ನಿಂಬೆ ತೋಟವಿದೆ.

ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವರು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಕಾರ್ಡ್ ಪಡೆಯಬೇಕು.

ಇದರಿಂದ ಹೋಗುವುದೇನು? ಮೊದಲನೆಯದು ಮತ. ಅನಿವಾಸಿ ಭಾರತೀಯರು ಪಟ್ಟಿಗೆ ಹೆಸರು ಸೇರಿಸಿ, ಊರಿಗೆ ಬಂದು ಮತ ಹಾಕಬಹುದು. ಓಸಿಐ ಇದ್ದವರಿಗೆ ಆ ಹಕ್ಕಿಲ್ಲ. ಜಮೀನಿನ ಬಗ್ಗೆ ಮಾತ್ರ ಅನೇಕರಿಗೆ ತಪ್ಪು ಕಲ್ಪನೆಯಿದೆ. ಓಸಿಐನವರು ಕೃಷಿ ಜಮೀನು ಕೊಳ್ಳುವಂತಿಲ್ಲ, ನಿಜ. ಆದರೆ ಅನಿವಾಸಿ ಭಾರತೀಯರೂ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬರುವುದಕ್ಕೆ ಇಬ್ಬರಿಗೂ ಅಡ್ಡಿಯಿಲ್ಲ. ಹಾಗಾಗಿ ತೋಟದ ಪಾಲಿಗಾಗಿ ತಮ್ಮ ಚಿಂತಿಸಬೇಕಿಲ್ಲ.

ಬರುವುದೇನು? ಅಪ್ಪ ಹಾಸಿಗೆ ಹಿಡಿದಾಗ ತಮ್ಮ ಐದು ತಿಂಗಳಿದ್ದು ಮರಳಿದ. ಆರು ತಿಂಗಳು ಮೀರಿ ಹೊರಗಿದ್ದರೆ ಪೌರತ್ವಕ್ಕೆ ಬೇಕಾದ ನಿರಂತರ ವಾಸ ಮುರಿಯಿತೆಂದು ಅಲ್ಲಿ ಎಣಿಸುತ್ತಾರೆ. ಮುರಿದಿಲ್ಲವೆಂದು ನಾವೇ ಸಾಬೀತು ಮಾಡಬೇಕು. ಮುಂಚಿತವಾಗಿ ಪರವಾನಗಿ ಪಡೆಯದೆ ಒಂದು ವರ್ಷ ಕಳೆದರೆ ಗ್ರೀನ್ ಕಾರ್ಡೇ ಕೈಬಿಡಬಹುದು. ಅವನು ಹೋದ ಹದಿನಾರನೇ ದಿನ ಅಪ್ಪ ತೀರಿಕೊಂಡರು. ಅಮೆರಿಕದ ಪ್ರಜೆಯಾಗಿ ಓಸಿಐ ಪಡೆದರೆ ಈ ಲೆಕ್ಕವಿಲ್ಲ: ಇಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು, ಅಲ್ಲಿಗೂ ಮರಳಬಹುದು. ಭಾರತದ ಪೌರತ್ವ ಬಿಟ್ಟವನಿಗೇ ಅವ್ವನ ಹತ್ತಿರ ಹೆಚ್ಚು ದಿನ ಇರಲು ಸಾಧ್ಯ!

ಅವ್ವನನ್ನೇ ಕೇಳಿದೆ. 'ಕಾಗದ ಯಾವ ದೇಶದ್ದರೆ ಇರಲಿ, ನಾ ಕರದಾಗ ಬರಾಕ ಆಗ್ತದಿಲ್ಲೋ ಅಷ್ಟ ಹೇಳು' ಅಂದಳು.

ಬಾಗಿಲು ಪೂರ್ತಿ ಮುಚ್ಚುವುದೂ ಇಲ್ಲ. ಓಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮುಂಚಿನ ಒಂದು ವರ್ಷ ಇಲ್ಲಿ ವಾಸವಿದ್ದವರು ಮತ್ತೆ ಭಾರತದ ಪೌರತ್ವ ಕೇಳಬಹುದು. ಆಗ ಅಮೆರಿಕದ್ದನ್ನು ಬಿಡಬೇಕು.

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದರೆ ದೇಶಾಭಿಮಾನದ ವಾದಕ್ಕಿಂತ ಮೊದಲು ಇದನ್ನು ಕೇಳಿ: ಮುಂದಿನ ಹತ್ತು ವರ್ಷ ಯಾರ ಬಳಿ, ಎಷ್ಟು ದಿನ ಇರಬೇಕಾದೀತು? ತಮ್ಮನಿಗೆ ಅರ್ಜಿ ಹಾಕು ಎಂದಿದ್ದೇನೆ. ಮತದಾರರ ಪಟ್ಟಿಯಲ್ಲಿ ನಮ್ಮ ಮನೆಯದೊಂದು ಹೆಸರು ಕಡಿಮೆಯಾಗುತ್ತದೆ. ಅದರ ಬೇಸರ ನನಗಿದ್ದೇ ಇದೆ.