ಪರರ ಯುದ್ಧವೂ ಬಲಿಷ್ಠ ರಾಷ್ಟ್ರವೂ

ಪರದೇಶಗಳು ಹೋರಾಡುತ್ತಿರುವಾಗ ಬಲಿಷ್ಠ ರಾಷ್ಟ್ರವೊಂದು ನಡುವೆ ಕೈಹಾಕಬೇಕೆ, ದೂರ ನಿಲ್ಲಬೇಕೆ? ಇದನ್ನು ಬರಿಯ ತತ್ತ್ವವಾಗಿ ಎತ್ತಿಕೊಂಡರೆ ಮಾತು ಬೆಳೆಯುವುದೇ ಹೊರತು ವಿಷಯ ತಿಳಿಯಾಗದು. ಆದುದರಿಂದ 1935ರಿಂದ 1941ರವರೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ವಾದವನ್ನೇ ಶ್ರೋತೃಗಳ ಮುಂದಿಡುತ್ತೇನೆ.

ದೂರ ನಿಲ್ಲಬೇಕೆಂದವರನ್ನು ಹೇಡಿಗಳೆಂದು ತಳ್ಳಿಬಿಡುವುದು ಸುಲಭ; ನ್ಯಾಯವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಆ ದೇಶ ಒಂದು ಲಕ್ಷಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿದ್ದಿತು. ಪ್ರಜಾಪ್ರಭುತ್ವ ನೆಲೆಗೊಳ್ಳಲೆಂದು ತೆತ್ತ ಈ ಬೆಲೆಯ ತರುವಾಯ ಯೂರೋಪಿನಲ್ಲಿ ತಲೆಯೆತ್ತಿದವರು ಮುಸೋಲಿನಿ, ಹಿಟ್ಲರರು. ಕೊಟ್ಟ ಸಾಲವೂ ಬಹುಪಾಲು ಹಿಂದಿರುಗಲಿಲ್ಲ. 1934ರಲ್ಲಿ ಆರಂಭವಾದ ಸೆನೆಟರ್ ನೈ ಅವರ ಸಮಿತಿ ಶಸ್ತ್ರವ್ಯಾಪಾರಿಗಳ ಲಾಭವನ್ನು ಬಯಲಿಗೆಳೆಯಿತು. ಹಾಲಿನಿಂದ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದುವುದು ಸಹಜವಷ್ಟೆ. ಯುದ್ಧನಿರತವಾದ ಯಾವ ದೇಶಕ್ಕೂ ಆಯುಧ ಮಾರಕೂಡದೆಂಬ 1935ರ ತಾಟಸ್ಥ್ಯ ಶಾಸನ ಹುಟ್ಟಿದುದು ಹೀಗೆ.

ಕಿವಿಗೆ ಇದು ಧರ್ಮವಾಗಿಯೇ ಕೇಳಿಸುತ್ತದೆ. ಆದರೆ ತಕ್ಕಡಿ ಒಂದು ಕಡೆಗೆ ವಾಲಿರುವಾಗ, ಎರಡು ತಟ್ಟೆಗಳಿಗೂ ಏನನ್ನೂ ಹಾಕೆನೆನ್ನುವುದು ಭಾರವಾದ ತಟ್ಟೆಗೆ ಮಾಡಿದ ಉಪಕಾರವೇ ಸರಿ. 1937ರ ಜನವರಿಯಲ್ಲಿ ಅಮೆರಿಕ ಸ್ಪೇನಿನ ಅಂತರ್ಯುದ್ಧಕ್ಕೂ ಈ ನಿಷೇಧವನ್ನು ವಿಸ್ತರಿಸಿತು. ದಂಗೆಯೆದ್ದ ಫ್ರಾಂಕೋವಿಗೆ ಜರ್ಮನಿ, ಇಟಲಿಗಳಿಂದ ವಿಮಾನಗಳೂ ಸೈನಿಕರೂ ಬರುತ್ತಲೇ ಇದ್ದರು. ಚುನಾಯಿತ ಸರ್ಕಾರಕ್ಕೆ ಅಮೆರಿಕದ ಪೇಟೆಯ ಬಾಗಿಲು ಮುಚ್ಚಿತು.

ಕುರುಕ್ಷೇತ್ರದ ಕಾಲದಲ್ಲಿ ಬಲರಾಮನು ತೀರ್ಥಯಾತ್ರೆಗೆ ಹೊರಟುಹೋದನು, ಯುದ್ಧವೇನೂ ನಿಲ್ಲಲಿಲ್ಲ. ಅವನ ತಮ್ಮನಾದರೋ ಆಯುಧ ಹಿಡಿಯೆನೆಂದು ಹೇಳಿ ಸಾರಥಿಯಾದನು. ಅಧ್ಯಕ್ಷ ರೂಜ್ವೆಲ್ಟರು ಹಿಡಿದುದು ಈ ಎರಡನೆಯ ದಾರಿ. 1940ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿಗೆ 50 ಹಳೆಯ ಡಿಸ್ಟ್ರಾಯರ್ ನೌಕೆಗಳು ಸಂದುವು. ಪ್ರತಿಯಾಗಿ ಕೆಲವು ನೆಲೆಗಳು 99 ವರ್ಷಗಳ ಗುತ್ತಿಗೆಗೆ ದೊರೆತುವು. ಆ ವರ್ಷದ ಕೊನೆಗೆ ಬ್ರಿಟನ್ನಿನ ಡಾಲರು ಬರಿದಾಗುತ್ತ ಬಂದಿತು. ಆಗ ಅವರು, ನೆರೆಮನೆಗೆ ಬೆಂಕಿ ಬಿದ್ದಾಗ ನೀರಿನ ಕೊಳವೆಯನ್ನು ಎರವಲು ಕೊಡುವವನ ಉಪಮೆ ಹೇಳಿ ಜನರನ್ನು ಒಲಿಸಿದರು. 1941ರ ಮಾರ್ಚಿ 11ರಂದು ಲೆಂಡ್-ಲೀಸ್ ಶಾಸನಕ್ಕೆ ರುಜು ಬಿದ್ದಿತು. ಯುದ್ಧ ಮುಗಿಯುವ ವೇಳೆಗೆ ಮಿತ್ರರಾಷ್ಟ್ರಗಳಿಗೆ ಹೀಗೆ ಸಂದ ನೆರವು ಸುಮಾರು 5,000 ಕೋಟಿ ಡಾಲರು.

ಈ ನೆರವು ಯುಕ್ತವೆಂದೇ ನನ್ನ ಅಭಿಪ್ರಾಯ. ಆದರೆ ಸಾರಥಿಯೂ ಭೀಷ್ಮನ ಮೇಲೆ ಚಕ್ರವೆತ್ತಿದನಲ್ಲವೆ? ಕಳುಹಿಸಿದ ಸಾಮಗ್ರಿ ಕಡಲಲ್ಲಿ ಮುಳುಗದಂತೆ ಕಾಯಬೇಕು. ಕಾಯಲು ಯುದ್ಧನೌಕೆ ಬೇಕು. ನೌಕೆ ಹೋದ ಮೇಲೆ ಗುಂಡು ಹಾರದೆ ಇರುವುದೆ? ಜನರ ಮನಸ್ಸಾದರೋ ಒಡೆದಿದ್ದಿತು. ಕಡ್ಡಾಯ ಸೈನ್ಯಸೇವೆಯ ಅವಧಿಯನ್ನು ವಿಸ್ತರಿಸುವ ಮಸೂದೆ ಆಗಸ್ಟ್ 12ರಂದು ಪ್ರತಿನಿಧಿ ಸಭೆಯಲ್ಲಿ ಗೆದ್ದುದು 203ಕ್ಕೆ 202, ಒಂದೇ ಒಂದು ಮತದಿಂದ. ಸೆಪ್ಟೆಂಬರ್ 4ರಂದು ಐಸ್‌ಲೆಂಡಿನ ಬಳಿ ಜರ್ಮನ್ ಜಲಾಂತರ್ನೌಕೆಯೊಂದು ಗ್ರೀರ್ ಎಂಬ ಅಮೆರಿಕನ್ ನೌಕೆಯ ಮೇಲೆ ಟಾರ್ಪೆಡೋ ಬಿಟ್ಟಿತು. ವಾರದ ತರುವಾಯ ರೂಜ್ವೆಲ್ಟರು ರೇಡಿಯೋವಿನಲ್ಲಿ ಈ ದಾಳಿಯನ್ನು ಖಂಡಿಸಿದರು. ಗ್ರೀರ್ ನೌಕೆಯೇ ಗಂಟೆಗಟ್ಟಲೆ ಅದರ ಬೆನ್ನುಹತ್ತಿ ಬ್ರಿಟಿಷ್ ವಿಮಾನಕ್ಕೆ ಜಾಡು ತಿಳಿಸುತ್ತಿದ್ದುದನ್ನು ಮಾತ್ರ ಹೇಳಲಿಲ್ಲ. ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಿದ್ದಿತು. 11ರಂದು ಜರ್ಮನಿಯೇ ಯುದ್ಧ ಸಾರಿತು. ವಾದ ಅಲ್ಲಿಗೆ ಮುಗಿಯಿತು.

ಮರೆಮಾಚುವ ಅಭ್ಯಾಸ ಮಾತ್ರ ಮುಗಿಯಲಿಲ್ಲ. 1964ರ ಆಗಸ್ಟಿನಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ಎರಡನೆಯ ದಾಳಿಯೊಂದು ನಡೆಯಿತೆಂದು ಅಧ್ಯಕ್ಷ ಜಾನ್ಸನ್ನರು ಸಾರಿ, ಶಾಸನಸಭೆಯಿಂದ ಬಲಪ್ರಯೋಗದ ಅಧಿಕಾರ ಪಡೆದರು. ಆ ದಾಳಿ ನಡೆದೇ ಇರಲಿಲ್ಲ. ವಿಯಟ್ನಾಮಿನಲ್ಲಿ ಮಡಿದ ಅಮೆರಿಕನ್ನರೇ 58,000ಕ್ಕೂ ಹೆಚ್ಚು. ಅಲ್ಲಿನ ಜನ ಅದರ ಹಲವು ಪಟ್ಟು.