ಬಾವಿಕಟ್ಟೆಯ ಕೇಪಳ

ಕರಾವಳಿಯ ಒಂದು ಸಣ್ಣ ತೋಟ. ಮುರಕಲ್ಲಿನ ಪಾಗಾರದ ಗೇಟು ದಾಟಿದರೆ ಎಡಕ್ಕೆ ಸಾಲಾಗಿ ಹೂಕುಂಡಗಳು. ಎಲ್ಲದರಲ್ಲೂ ನರ್ಸರಿಯಿಂದ ತಂದ ಗಿಡ್ಡ ಕೇಪಳ. ಹಳದಿ, ಗುಲಾಬಿ, ಬಿಳಿ. ನೋಡಲು ಚೆಂದ. ಆದರೆ ಹತ್ತು ಗಂಟೆಯ ಹಿತವಾದ ಬಿಸಿಲಲ್ಲೂ ಅಲ್ಲಿ ಒಂದೂ ಚಿಟ್ಟೆ ಕಾಣಲಿಲ್ಲ. ಕಾರಣ ಹೂವೋ, ಗೇಟಿನ ಬಳಿಯ ಓಡಾಟವೋ, ಹೇಳಲಾರೆ.

ನಾಲ್ಕು ಹೆಜ್ಜೆ ಮುಂದೆ, ಬಾವಿಕಟ್ಟೆಯ ಪಕ್ಕ, ಆಳೆತ್ತರದ ಕೆಂಪು ಕೇಪಳ. ಗುಡ್ಡದಲ್ಲಿ ತಾನಾಗಿ ಬೆಳೆಯುವ, ದೈವ-ದೇವರಿಗೂ ಏರುವ ಹೂವು. ಒಂದು ಗೊಂಚಲು ಬಗ್ಗಿಸಿ ನೋಡಿದೆ. ತುದಿ ಚೂಪಾದ ನಾಲ್ಕು ಎಸಳು, ಅದರಡಿ ತೆಳ್ಳಗಿನ ಉದ್ದ ಕೊಳವೆ. ಮಕರಂದ ಇರುವುದು ಕೊಳವೆಯ ಬುಡದಲ್ಲಿ. ಹೂವೊಂದನ್ನು ಕಿತ್ತು ಬುಡ ಚೀಪಿದರೆ ಸಿಹಿ ನಾಲಿಗೆಗೆ ತಾಗಿತೋ ಇಲ್ಲವೋ ಅನ್ನುವಷ್ಟು. ಜೇನುನೊಣದ ಗಿಡ್ಡ ನಾಲಿಗೆಗೆ ಇದು ಎಟುಕದು. ಉದ್ದ ಹೀರುನಳಿಕೆಯ ಚಿಟ್ಟೆಗಳದ್ದೇ ಇಲ್ಲಿ ಕಾರುಬಾರು.

ಅಷ್ಟರಲ್ಲಿ ಕಪ್ಪು ಚಿಟ್ಟೆಯೊಂದು ಬಂತು. ಹೂವಿಗೆ ಕಾಲೂರಿದರೂ ರೆಕ್ಕೆ ಅದುರಿಸುವುದನ್ನು ಬಿಡಲಿಲ್ಲ. ಹಿಂದಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕೆ, ಕೆಳಗೆ ಬಾಲ. ಕಾಮನ್ ರೋಸ್ ಇರಬಹುದು. ಆದರೆ ಕಾಮನ್ ಮಾರ್ಮನ್ ಹೆಣ್ಣುಗಳಲ್ಲಿ ಮೂರು ಬಗೆ: ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸ್‌ನಂತೆ, ಇನ್ನೊಂದು ಕ್ರಿಮ್ಸನ್ ರೋಸ್‌ನಂತೆ. ರೋಸ್‌ಗಳು ಹುಳುವಾಗಿದ್ದಾಗಲೇ ಈಶ್ವರಿ ಬಳ್ಳಿ ತಿಂದು ಅದರ ವಿಷವನ್ನು ಮೈಗೂಡಿಸಿಕೊಂಡಿರುತ್ತವೆ. ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ವಿಷವಿಲ್ಲದ ಮಾರ್ಮನ್ ಆ ವೇಷ ತೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಗುರುತು ಸಿಗುವುದು ಮೈಯಲ್ಲಿ: ರೋಸ್‌ನ ಒಡಲಿನಲ್ಲಿ ಕೆಂಪು, ಮಾರ್ಮನ್‌ನದು ಕಪ್ಪು. ನಾನು ಬಗ್ಗುವಷ್ಟರಲ್ಲಿ ಅದು ಪಾಗಾರದಾಚೆ.

ಹಿತ್ತಿಲಿಗೆ ತಿರುಗಿದರೆ ನಿಂಬೆ, ಕರಿಬೇವು. ಎಳೆ ಎಲೆಗಳ ಅಂಚು ತಿಂದುಹೋಗಿದೆ. ನಿಂಬೆ ಎಲೆಯೊಂದರ ಮೇಲೆ ಹಕ್ಕಿಯ ಹಿಕ್ಕೆ. ಮುಖ ಹತ್ತಿರ ಒಯ್ದರೆ, ಹುಳು! ಮಾರ್ಮನ್ ಮರಿಹುಳು ಮೊದಮೊದಲು ಹೀಗೇ ಇದ್ದು, ಬಲಿತಾಗ ಹಸಿರಾಗುತ್ತದೆ. ಲೈಮ್ ಚಿಟ್ಟೆಯದೂ ಇದೇ ಕತೆ. ಇದು ಯಾವುದರದೆಂದು ಹೇಳುವಷ್ಟು ನನ್ನ ಕಣ್ಣು ಪಳಗಿಲ್ಲ. ಯಾವುದೇ ಇರಲಿ, ಈ ಗಿಡಕ್ಕೆ ಮದ್ದು ಹೊಡೆದರೆ ಕೇಪಳಕ್ಕೆ ಬರುವ ಚಿಟ್ಟೆಗಳಲ್ಲಿ ಒಂದಷ್ಟು ಇಲ್ಲೇ ಮುಗಿದಂತೆ.

ಹೊರಡುವ ಮುನ್ನ ಬೇಲಿಯುದ್ದಕ್ಕೂ ಈಶ್ವರಿ ಬಳ್ಳಿ ಹುಡುಕಿದೆ. ಕಾಣಲಿಲ್ಲ. ಹಾಗಾಗಿ ಬಾವಿಕಟ್ಟೆಗೆ ಬಂದದ್ದು ಮಾರ್ಮನ್ ಎಂದು ನನ್ನ ಊಹೆ. ಊಹೆ ಅಷ್ಟೆ, ಪಕ್ಕದ ಗುಡ್ಡದಲ್ಲಿ ಬಳ್ಳಿ ಇದ್ದರೆ ಚಿಟ್ಟೆಗೆ ಪಾಗಾರ ಯಾವ ಲೆಕ್ಕ?