ಜರ್ಮನ್ ಗ್ರಂಥಗಳ ವಾಚನ

ಪ್ರಶ್ನೆ: ಜರ್ಮನ್ ವ್ಯಾಕರಣವನ್ನು ಕಲಿತಿದ್ದರೂ ಸಾಹಿತ್ಯಗ್ರಂಥಗಳ ಓದು ಸುಗಮವಾಗದು, ಉಪಾಯವೇನು?

ಉತ್ತರ: ಪ್ರೌಢ ವಾಚಕನನ್ನು ತಡೆಯುವುದು ಬಹುಮಟ್ಟಿಗೆ ಅಪರಿಚಿತ ಶಬ್ದವಲ್ಲ, ಅಧೀನವಾಕ್ಯಗಳ ಹೆಣಿಗೆ. ಅವುಗಳಲ್ಲಿ ಕ್ರಿಯಾಪದವು ಕೊನೆಗೆ ಬರುವುದಾದುದರಿಂದ ಆಂಗ್ಲನು ತಬ್ಬಿಬ್ಬಾಗುವೆಡೆಯಲ್ಲಿ ಕನ್ನಡಿಗನು ನಿರಾತಂಕವಾಗಿ ನಡೆದಾನು. ಆದರೆ ನಾವು ನಾಮಪದಕ್ಕೆ ಮುಂಚೆಯೇ ಹೇಳಿ ಮುಗಿಸುವ ವಿಶೇಷಣವಾಕ್ಯವನ್ನು ಜರ್ಮನರು ಸಾಮಾನ್ಯವಾಗಿ ನಾಮಪದದ ಬಳಿಕ ಇರಿಸಿ, ಅದರೊಳಗೆ ಇನ್ನೊಂದನ್ನು ತೂರಿಸುವರಾಗಿ, ನಾವು ಎಡವುವುದು ಅಲ್ಲಿಯೇ. ಅದಕಾರಣ ಮೊದಲ ಓದಿನಲ್ಲಿ ನಿಘಂಟನ್ನು ಮುಟ್ಟದೆ, ಕರ್ತೃವನ್ನೂ ಕ್ರಿಯಾಪದವನ್ನೂ, ಆ ಕ್ರಿಯೆಯಿಂದ ಬೇರ್ಪಟ್ಟು ವಾಕ್ಯದ ತುದಿಯಲ್ಲಿ ನಿಂತು ಅದರ ಅರ್ಥವನ್ನೇ ಪಲ್ಲಟಗೊಳಿಸುವ ಉಪಸರ್ಗವನ್ನೂ ಗುರುತಿಸಿಕೊಳ್ಳಿರಿ. ಎರಡನೆಯ ಓದಿನಲ್ಲಿ ಮತ್ತೆ ಮತ್ತೆ ಕಾಣುವ ಶಬ್ದಗಳನ್ನು ಮಾತ್ರ ಹುಡುಕಿರಿ.

ಗ್ರಂಥಗಳ ಅನುಕ್ರಮವೂ ಮುಖ್ಯ. ಪಂಚಾಂಗಕ್ಕಾಗಿ ಬರೆದು 1811ರಲ್ಲಿ ಸಂಕಲಿಸಲ್ಪಟ್ಟ ಹೇಬೆಲನ ಕಿರುಗತೆಗಳಿಂದ ತೊಡಗಿ, ಕಾಫ್ಕಾನ ನಿರಾಡಂಬರ ಗದ್ಯವನ್ನು ಹಾಯ್ದು, ಕಡೆಗೆ ಕ್ಲೈಸ್ಟನ ‘ಮಿಖಾಯೆಲ್ ಕೋಲ್‌ಹಾಸ್’ ಕಥೆಗೆ ಬರುವುದು ನನ್ನ ಮತದಲ್ಲಿ ಯುಕ್ತ. ಥಾಮಸ್ ಮಾನ್‌ನಿಂದಲೇ ಆರಂಭಿಸುವ ಸಾಹಸ ವೃಥಾ ಶ್ರಮ. ನಡುನಡುವೆ ವೃತ್ತಪತ್ರಿಕೆಯನ್ನೂ ಓದಿರಿ: ಪರರ ಮಾತನ್ನು ಉದ್ಧರಿಸುವಾಗ ಅದು ಬಳಸುವ ವಿಶಿಷ್ಟ ಕ್ರಿಯಾರೂಪವನ್ನು ಗಮನಿಸದವನು ಮಂತ್ರಿಯ ಹೇಳಿಕೆಯನ್ನು ಪತ್ರಿಕೆಯ ಅಭಿಪ್ರಾಯವೆಂದೇ ಗ್ರಹಿಸಿಬಿಟ್ಟಾನು.